ವಿಶ್ವವಿದ್ಯಾನಿಲಯವೂ ಗ್ರಾಮಶಾಲೆಯೂ: ಕಳಲೆಯ ಗ್ರಂಥಗಳ ನಿದರ್ಶನದಿಂದ ಒಂದು ವಿಮರ್ಶೆ

೧

ವಿಶ್ವವಿದ್ಯಾನಿಲಯಗಳು ತಮ್ಮ ನೆರೆಹೊರೆಯ ಸಾರ್ವಜನಿಕ ಶಾಲೆಗಳೊಡನೆ ಕೂಡಿ ಮಕ್ಕಳ ಕಲಿಕೆಯನ್ನು ಉತ್ತಮಗೊಳಿಸಬೇಕೆಂಬ ಮಾತು ಈಚೆಗೆ ಎಲ್ಲೆಡೆಯಲ್ಲಿಯೂ ಕೇಳಿಬರುತ್ತಿದೆ. ಇದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ಯಾರೂ ಅಲ್ಲಗಳೆಯದ ಮಾತನ್ನೇ ವಿಮರ್ಶಕನು ಹೆಚ್ಚು ಎಚ್ಚರಿಕೆಯಿಂದ ಪರೀಕ್ಷಿಸಬೇಕಾಗುತ್ತದೆ. ಏಕೆಂದರೆ ಎಲ್ಲರೂ ಒಪ್ಪಿದ ಮಾತಿಗೆ ಒಬ್ಬೊಬ್ಬರು ಒಂದೊಂದು ಅರ್ಥವನ್ನು ಇಟ್ಟುಕೊಂಡಿರುವುದುಂಟು. ಒಬ್ಬನು ಉಪನ್ಯಾಸವೆಂದು ತಿಳಿಯುತ್ತಾನೆ. ಇನ್ನೊಬ್ಬನು ಧನಸಹಾಯವೆಂದು ತಿಳಿಯುತ್ತಾನೆ. ಮತ್ತೊಬ್ಬನು ಉಪಾಧ್ಯಾಯರ ಶಿಕ್ಷಣವೆಂದು ತಿಳಿಯುತ್ತಾನೆ. ಶಾಲೆಯವರು ಏನೆಂದು ತಿಳಿದಿದ್ದಾರೆಂಬುದನ್ನು ಕೇಳುವವರು ವಿರಳ.

ಪ್ರಕೃತ ಲೇಖನದಲ್ಲಿ ಆಡಳಿತದ ವಿಚಾರವನ್ನು ಎತ್ತಿಕೊಳ್ಳುವುದಿಲ್ಲ. ವಿದ್ಯಾಪೀಠವು ಶಾಲೆಯ ಕಡೆಗೂ ಹಳ್ಳಿಯ ಕಡೆಗೂ ಮುಖಮಾಡಿದಾಗ ಕನ್ನಡದಲ್ಲಿ ಎಂತಹ ಬರಹವು ಹುಟ್ಟಿತು, ಆ ಬರಹದಲ್ಲಿ ಕಲಿಯುವವನಿಗೆ ಯಾವ ಸ್ಥಾನವು ದೊರೆಯಿತು ಎಂಬುದಷ್ಟೇ ಇಲ್ಲಿಯ ವಿಷಯ. ಇದು ಸಾಹಿತ್ಯವಿಮರ್ಶೆಗೆ ಸೇರಿದ ವಿಷಯವೇ ಸರಿ. ಗ್ರಂಥವೊಂದು ಯಾರಿಗಾಗಿ ರಚಿತವಾಯಿತೆಂಬುದು ಅದರ ಮುನ್ನುಡಿಯಿಂದ ತಿಳಿಯುವುದಕ್ಕಿಂತ ಅದರ ವಾಕ್ಯಗಳ ನಡೆಯಿಂದ ಹೆಚ್ಚಾಗಿ ತಿಳಿಯುತ್ತದೆ.

ನಿದರ್ಶನಕ್ಕೆ ಕಳಲೆಯನ್ನು ತೆಗೆದುಕೊಂಡಿದೆ. ನಂಜನಗೂಡು ತಾಲ್ಲೂಕಿನ ಈ ಗ್ರಾಮವು ಮೈಸೂರಿನ ಇತಿಹಾಸವನ್ನು ಬಲ್ಲವರಿಗೆ ಅಪರಿಚಿತವಲ್ಲ. ಮೈಸೂರಿನ ದಳವಾಯಿ ಪದವಿಯು ಬಹುಕಾಲ ಇಲ್ಲಿಯ ಅರಸುಮನೆತನದಲ್ಲಿತ್ತು. ಆ ಮನೆತನದವರು ಕತ್ತಿಯನ್ನು ಮಾತ್ರವಲ್ಲದೆ ಕಂಠವನ್ನೂ ಹಿಡಿದವರು. ಕಳಲೆಯ ವೀರರಾಜನು ಕನ್ನಡದಲ್ಲಿ ಸಕಲವೈದ್ಯಸಂಹಿತಾಸಾರಾರ್ಣವವೆಂಬ ವೈದ್ಯಗ್ರಂಥವನ್ನು ರಚಿಸಿದನು. ಕರಾಚೂರಿ ನಂಜರಾಜನೆಂದು ಹೆಸರಾಂತ ಕಳಲೆಯ ನಂಜರಾಜನು ಹಾಲಾಸ್ಯಮಾಹಾತ್ಮ್ಯ, ಕಕುದ್ಗಿರಿಮಾಹಾತ್ಮ್ಯ, ಶಿವಭಕ್ತಿವಿಲಾಸ ಮೊದಲಾದ ಗ್ರಂಥಗಳನ್ನು ಕನ್ನಡ ಗದ್ಯದಲ್ಲಿಯೂ, ಸಂಗೀತಗಂಗಾಧರವನ್ನು ಸಂಸ್ಕೃತದಲ್ಲಿಯೂ ಬರೆದನು. ಆರ್. ನರಸಿಂಹಾಚಾರ್ಯರು ೧೯೦೭, ೧೯೧೯, ೧೯೨೯ನೆಯ ಇಸವಿಗಳಲ್ಲಿ ಮೂರು ಸಂಪುಟಗಳಾಗಿ ಹೊರತಂದ ಕರ್ಣಾಟಕ ಕವಿಚರಿತೆಯನ್ನು ಓದಿದವರಿಗೆ ಕಳಲೆಯ ಹೆಸರು ಪರಿಚಿತವಾದುದು. ಮಾನಸಗಂಗೋತ್ರಿಯಿಂದ ಕಳಲೆಗೆ ಹೋಗಲು ಅರ್ಧ ದಿನವೂ ಬೇಕಾಗಿಲ್ಲ. ಹೀಗೆ ದಾರಿಯು ಹತ್ತಿರ. ಗ್ರಂಥದ ಸಂಬಂಧವೂ ಹಳೆಯದು. ವಿಶ್ವವಿದ್ಯಾನಿಲಯಕ್ಕೂ ಗ್ರಾಮಶಾಲೆಗೂ ಇರತಕ್ಕ ಬಾಂಧವ್ಯವನ್ನು ಪರೀಕ್ಷಿಸಲು ಇದಕ್ಕಿಂತ ಅನುಕೂಲವಾದ ಸ್ಥಳವು ದೊರೆಯುವುದು ಕಷ್ಟ.

೨

ಮೈಸೂರು ವಿಶ್ವವಿದ್ಯಾನಿಲಯವು ೧೯೧೬ನೆಯ ಇಸವಿ ಜುಲೈ ತಿಂಗಳ ೨೭ರಂದು ಸ್ಥಾಪಿತವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಪ್ರೋತ್ಸಾಹವೂ, ದಿವಾನ್ ವಿಶ್ವೇಶ್ವರಯ್ಯನವರ ಕಾರ್ಯದೀಕ್ಷೆಯೂ ಅದರ ಹಿಂದಿದ್ದುವು. ಸ್ಥಾಪನೆಗೆ ಮುಂಚೆ ಸಿ. ಆರ್. ರೆಡ್ಡಿಯವರೂ ತಾಮಸ್ ಡೆನ್‌ಹ್ಯಾಮ್‌ರವರೂ ಪರದೇಶಗಳ ವಿದ್ಯಾಪೀಠಗಳ ಕ್ರಮವನ್ನು ಅಭ್ಯಾಸಮಾಡಿ ಬಂದರು. ಮೂಲ ಸಂಶೋಧನೆಯ ವಿಷಯದಲ್ಲಿ ಷಿಕಾಗೊ, ಬುದ್ಧಿಯ ಶಿಸ್ತಿನ ವಿಷಯದಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್, ರಾಜ್ಯದ ಸಮಸ್ತ ಜನರಿಗೂ ಜ್ಞಾನವನ್ನು ಹರಡುವ ವಿಷಯದಲ್ಲಿ ವಿಸ್ಕಾನ್ಸಿನ್, ಇವು ಆದರ್ಶಗಳಾಗಿ ಪರಿಗಣಿತವಾದುವು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಜಾನ್ ಡ್ಯೂಯಿಯವರು ೧೮೯೬ರಲ್ಲಿಯೇ ಮಕ್ಕಳ ಶಾಲೆಯೊಂದನ್ನು ತೆರೆದು, ರಸಾಯನಶಾಸ್ತ್ರಜ್ಞನಿಗೆ ಪ್ರಯೋಗಶಾಲೆಯು ಹೇಗೋ ಶಿಕ್ಷಣಶಾಸ್ತ್ರಜ್ಞನಿಗೆ ಶಾಲೆಯು ಹಾಗೆಂದು ತೋರಿಸಿದ್ದರು. ಶಾಲೆಯಿಂದ ವಿದ್ಯಾಪೀಠವು ಕಲಿಯತಕ್ಕದ್ದು ಉಂಟೆಂಬುದು ಅದರ ತಾತ್ಪರ್ಯ. ನಮ್ಮವರು ಷಿಕಾಗೊದಿಂದ ಸಂಶೋಧನೆಯ ಆದರ್ಶವನ್ನು ತಂದರು. ವಿಸ್ಕಾನ್ಸಿನ್‌ನಿಂದ ಪ್ರಸಾರದ ಆದರ್ಶವನ್ನು ತಂದರು. ಇವೆರಡನ್ನೂ ಬೆಸೆಯಬಹುದಾಗಿದ್ದ ಶಾಲೆಯ ಆದರ್ಶಕ್ಕೆ ಅಷ್ಟು ಪ್ರಾಶಸ್ತ್ಯವು ಬರಲಿಲ್ಲ. ಸಂಶೋಧನೆಯು ಒಂದು ಮನೆಯಲ್ಲಿಯೂ ಪ್ರಸಾರವು ಇನ್ನೊಂದು ಮನೆಯಲ್ಲಿಯೂ ವಾಸಮಾಡುವ ಪದ್ಧತಿಗೆ ಬೀಜವು ಇಲ್ಲಿಯೇ ಬಿದ್ದಿತೆಂದು ತೋರುತ್ತದೆ.

ಪ್ರಸಾರದ ಕಾರ್ಯವು ೧೯೩೩ರಲ್ಲಿ ಪ್ರಚಾರೋಪನ್ಯಾಸಗಳ ರೂಪದಿಂದ ವ್ಯವಸ್ಥಿತವಾಯಿತು. ಇದೇ ಮುಂದೆ ಪ್ರಸಾರಾಂಗವೆಂಬ ಹೆಸರಿನಿಂದ ಪ್ರಸಿದ್ಧವಾದುದು. ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸಮಾಡುವುದು, ಆ ಉಪನ್ಯಾಸಗಳನ್ನು ಅಲ್ಪ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚುಹಾಕಿಸುವುದು ಇದರ ಕ್ರಮ. ತರಗತಿಯಲ್ಲಿ ಇಂಗ್ಲಿಷಿನಿಂದ ಪಾಠಹೇಳುತ್ತಿದ್ದ ವಿದ್ವಾಂಸರು ರೋಗ, ಬೆಳೆ, ನಕ್ಷತ್ರ, ಇತಿಹಾಸ, ಕಾವ್ಯ ಎಲ್ಲವನ್ನೂ ಊರಿನ ಜನದ ಮುಂದೆ ಕನ್ನಡದಲ್ಲಿ ಹೇಳಬೇಕಾಗಿ ಬಂದುದು ನಮ್ಮ ಗದ್ಯಕ್ಕೆ ಮಹೋಪಕಾರವಾಯಿತು.

ಈ ಹೊತ್ತಗೆಗಳ ಗುಣಗಳು ಸ್ಪಷ್ಟವಾಗಿವೆ. ಒಂದು ಹೊತ್ತಗೆಗೆ ಒಂದೇ ವಿಷಯ. ವಾಕ್ಯಗಳು ಕಿವಿಗೆ ಹೊಂದುವಂತೆ ರಚಿತವಾದುವು. ಕೇಳುವವನು ಹಿಂದಿನ ಪುಟವನ್ನು ತಿರುವಿಹಾಕಲಾರನೆಂಬ ಅರಿವು ಅವುಗಳಲ್ಲಿ ಉಂಟು. ಪಾರಿಭಾಷಿಕ ಶಬ್ದವು ಬಂದೆಡೆಯಲ್ಲಿ ಅದರ ವಿವರಣೆಯು ಒಡನೆಯೇ ಬರುತ್ತದೆ. ಶಾಸ್ತ್ರವಿಷಯಗಳಿಗೆ ಕನ್ನಡವು ಸಾಲದೆಂಬ ಮಾತನ್ನು ವಾದದಿಂದಲ್ಲದೆ ಕಾರ್ಯದಿಂದ ಖಂಡಿಸಿದ ಕೀರ್ತಿಯಲ್ಲಿ ಈ ಮಾಲೆಗೆ ದೊಡ್ಡ ಭಾಗವು ಸಲ್ಲತಕ್ಕದ್ದು.

ಆದರೆ ಉಪನ್ಯಾಸವೆಂಬ ರೂಪದಲ್ಲಿಯೇ ಒಂದು ನ್ಯೂನತೆ ಉಂಟು. ಅದರಲ್ಲಿ ಮಾತನಾಡುವವನು ಒಬ್ಬನೇ. ಕೇಳಿದವರು ಏನನ್ನು ಕೇಳಿದರು, ಎಲ್ಲಿ ತಲೆದೂಗಿದರು, ಎಲ್ಲಿ ಸಂದೇಹಪಟ್ಟರು ಎಂಬುದಕ್ಕೆ ಮುದ್ರಿತ ರೂಪದಲ್ಲಿ ಸ್ಥಳವಿಲ್ಲ. ವಕ್ತೃವು ಪಟ್ಟಣದಿಂದ ಸಿದ್ಧಪಡಿಸಿಕೊಂಡು ತಂದುದನ್ನೇ ಅಚ್ಚಿನಲ್ಲಿ ನಾವು ಕಾಣುತ್ತೇವೆ. ಹಳ್ಳಿಯಿಂದ ಅವನು ಕೊಂಡುಹೋದುದು ಕಾಣುವುದಿಲ್ಲ. ಗ್ರಾಮಶಾಲೆಯ ಉಪಾಧ್ಯಾಯನು ಇಂತಹ ಏರ್ಪಾಡಿನಲ್ಲಿ ಬೆಂಚುಗಳನ್ನು ಹಾಕಿಸುವವನಾಗಿ, ವಂದನಾರ್ಪಣೆಯನ್ನು ಮಾಡುವವನಾಗಿ ಉಳಿಯುವನೇ ಹೊರತು ಗ್ರಂಥಕ್ಕೆ ಭಾಗಿಯಾಗುವುದಿಲ್ಲ. ಮಗುವಂತೂ ಹಿಂದಿನ ಸಾಲಿನಲ್ಲಿ ಕುಳಿತಿರುತ್ತದೆ.

೩

ಈ ನ್ಯೂನತೆಯು ನಮ್ಮ ಹಳೆಯ ಗದ್ಯದಲ್ಲಿ ಇರಲಿಲ್ಲವೆಂಬುದು ಕಳಲೆಯ ಗ್ರಂಥಗಳನ್ನು ನೋಡಿದರೆ ತಿಳಿಯುತ್ತದೆ. ನಂಜರಾಜನ ಹಾಲಾಸ್ಯಮಾಹಾತ್ಮ್ಯವು ಸಂಸ್ಕೃತವನ್ನರಿಯದವರಿಗೆ ಮಧುರೆಯ ಶಿವಲೀಲೆಗಳನ್ನು ತಿಳಿಸತಕ್ಕ ಗ್ರಂಥ. ಪುರಾಣದ ರಚನಾಕ್ರಮವು ಎಲ್ಲರಿಗೂ ತಿಳಿದುದೇ: ಋಷಿಗಳು ಕೇಳುತ್ತಾರೆ, ಬಲ್ಲವನು ಹೇಳುತ್ತಾನೆ, ಹೇಳಿದುದರಲ್ಲಿ ಮತ್ತೆ ಸಂದೇಹವು ಹುಟ್ಟುತ್ತದೆ, ಆ ಸಂದೇಹದಿಂದಲೇ ಮುಂದಿನ ಅಧ್ಯಾಯವು ಹುಟ್ಟುತ್ತದೆ. ಇದನ್ನು ಬರಿಯ ಸಂಪ್ರದಾಯವೆಂದು ನಾವು ಹಾರಿಸಿ ಓದುತ್ತೇವೆ. ಆದರೆ ಈ ಕ್ರಮದಲ್ಲಿ ಒಂದು ಶಿಕ್ಷಣತತ್ತ್ವವು ಅಡಗಿದೆ. ಕೇಳಿದವನ ಹೆಸರಿಲ್ಲದೆ ಹೇಳಿದವನ ಹೆಸರು ಪುರಾಣದಲ್ಲಿ ನಿಲ್ಲುವುದಿಲ್ಲ. ಪ್ರಶ್ನೆಯು ಗ್ರಂಥದ ಅಂಗವೇ ಹೊರತು ಗ್ರಂಥವು ಮುಗಿದ ಮೇಲಿನ ಗದ್ದಲವಲ್ಲ.

ಪ್ರಶ್ನೋಪನಿಷತ್ತು ಇದಕ್ಕಿಂತಲೂ ಮುಂದೆ ಹೋಗುತ್ತದೆ. ಆರು ಮಂದಿ ಜಿಜ್ಞಾಸುಗಳು ಸಮಿತ್ತುಗಳನ್ನು ಹಿಡಿದು ಪಿಪ್ಪಲಾದನ ಬಳಿಗೆ ಬರುತ್ತಾರೆ. ಅವನು ಒಡನೆಯೇ ಉಪನ್ಯಾಸಕ್ಕೆ ತೊಡಗುವುದಿಲ್ಲ. ಒಂದು ಸಂವತ್ಸರ ಇಲ್ಲಿ ವಾಸಮಾಡಿರಿ, ಆಮೇಲೆ ನಿಮಗೆ ಬೇಕಾದುದನ್ನು ಕೇಳಿರಿ, ನಮಗೆ ತಿಳಿದಿದ್ದರೆ ಹೇಳುತ್ತೇವೆಂದು ಅವನು ಹೇಳುತ್ತಾನೆ. ಇಲ್ಲಿ ಎರಡು ಅಂಶಗಳಿವೆ: ಜೊತೆಯಲ್ಲಿ ಇರುವ ಕಾಲವು ಒಂದು, ತನಗೆ ತಿಳಿಯದಿರಬಹುದೆಂಬ ಗುರುವಿನ ಒಪ್ಪಿಗೆಯು ಇನ್ನೊಂದು. ಒಂದೆರಡು ದಿನಗಳ ಉಪನ್ಯಾಸದಲ್ಲಿ ಮೊದಲನೆಯದಕ್ಕೆ ಅವಕಾಶವಿಲ್ಲ. ವೇದಿಕೆಯ ಮೇಲೆ ನಿಂತವನಿಗೆ ಎರಡನೆಯದು ಸುಲಭವಲ್ಲ.

ಕಳಲೆಗೇ ಸಂಬಂಧಿಸಿದ ಇನ್ನೊಂದು ಗ್ರಂಥವು ಇದಕ್ಕೆ ಪ್ರತಿನಿದರ್ಶನವಾಗಿದೆ. ಅಭಿನವಕಾಳಿದಾಸನೆಂದು ಬಿರುದಾಂತ ನೃಸಿಂಹಕವಿಯು ನಂಜರಾಜನ ಆಶ್ರಯದಲ್ಲಿದ್ದು ನಂಜರಾಜಯಶೋಭೂಷಣವೆಂಬ ಅಲಂಕಾರಗ್ರಂಥವನ್ನು ರಚಿಸಿದನು. ವಿದ್ಯಾನಾಥನ ಪ್ರತಾಪರುದ್ರಯಶೋಭೂಷಣದ ಮಾದರಿಯಲ್ಲಿರುವ ಈ ಗ್ರಂಥವು ೧೯೩೦ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ಅಚ್ಚಾಯಿತು. ನಾಯಕಭೇದವಾಗಲಿ ರಸವಾಗಲಿ ಅಲಂಕಾರವಾಗಲಿ ಎಲ್ಲಕ್ಕೂ ಉದಾಹರಣೆ ನಂಜರಾಜನ ಸ್ತುತಿಯೇ. ನಾಟಕದ ಲಕ್ಷಣಗಳಿಗೆ ಉದಾಹರಣೆಯಾಗಿ ಸೇರಿಸಿದ ನಾಟಕದಲ್ಲಿಯೂ ನಾಯಕನು ಅವನೇ. ಕವಿಯ ಪಾಂಡಿತ್ಯವು ದೊಡ್ಡದು. ಆದರೆ ಗ್ರಂಥವನ್ನು ಓದಿದವನಿಗೆ ಆಶ್ರಯದಾತನ ಯಶಸ್ಸು ತಿಳಿಯುತ್ತದೆಯೇ ಹೊರತು ಅವನ ರಾಜ್ಯದ ಸ್ಥಿತಿಯು ತಿಳಿಯುವುದಿಲ್ಲ. ಈ ನಂಜರಾಜನೇ ೧೭೫೦ರ ದಶಕದಲ್ಲಿ ತಿರುಚಿನಾಪಳ್ಳಿಯ ಮೇಲೆ ದಂಡೆತ್ತಿಹೋಗಿ ಬೊಕ್ಕಸವನ್ನು ಬರಿದುಮಾಡಿಕೊಂಡು ಹಿಂದಿರುಗಿದವನೆಂಬುದನ್ನು ನಾವು ಚರಿತ್ರೆಯಿಂದ ತಿಳಿಯಬೇಕೇ ಹೊರತು ಯಶೋಭೂಷಣದಿಂದಲ್ಲ.

ಈ ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಮ್ಮ ವಿಷಯಕ್ಕೆ ಬೇಕಾದ ವಿವೇಕವು ದೊರೆಯುತ್ತದೆ. ಶಾಲೆಯೊಡನೆ ಕೂಡಿ ಮಾಡಿದ ಕಾರ್ಯವನ್ನು ಕುರಿತು ವಿದ್ಯಾಸಂಸ್ಥೆಗಳು ಬರೆಯಿಸುವ ವರದಿಗಳು ಸಾಮಾನ್ಯವಾಗಿ ಯಶೋಭೂಷಣದ ಜಾತಿಗೆ ಸೇರಿದುವು. ಪ್ರತಿಯೊಂದು ಉದಾಹರಣೆಯಲ್ಲಿಯೂ ನಾಯಕನು ದಾತೃವೇ. ಎಷ್ಟು ಪುಸ್ತಕಗಳನ್ನು ಹಂಚಿದೆವು, ಎಷ್ಟು ಗೋಡೆಗಳಿಗೆ ಬಣ್ಣ ಹಚ್ಚಿಸಿದೆವು, ಎಷ್ಟು ಶಿಬಿರಗಳನ್ನು ನಡೆಸಿದೆವು ಎಂಬುದು ಅವುಗಳಲ್ಲಿ ಸಿಕ್ಕುತ್ತದೆ. ಮಗುವು ಏನನ್ನು ಕೇಳಿತು, ಅದಕ್ಕೆ ನಮ್ಮಲ್ಲಿ ಉತ್ತರವಿತ್ತೇ ಎಂಬುದು ಸಿಕ್ಕುವುದಿಲ್ಲ. ನಮಗೆ ಬೇಕಾದುದು ಹಾಲಾಸ್ಯಮಾಹಾತ್ಮ್ಯದ ಕ್ರಮದಲ್ಲಿ ಬರೆದ ವರದಿ.

೪

ಈ ಸಂದರ್ಭದಲ್ಲಿ ಒಂದು ಶಬ್ದದ ವಿಚಾರವನ್ನು ಹೇಳದಿದ್ದರೆ ವಿಮರ್ಶೆಯು ಅಪೂರ್ಣವಾಗುತ್ತದೆ. ಶಾಲೆಯನ್ನಾಗಲಿ ಗ್ರಾಮವನ್ನಾಗಲಿ ‘ದತ್ತು ತೆಗೆದುಕೊಳ್ಳುವುದು’ ಎಂಬ ಪ್ರಯೋಗವು ಈಗ ಸರ್ವತ್ರ ರೂಢವಾಗಿದೆ. ೨೦೧೪ರಲ್ಲಿ ಆರಂಭವಾದ ಉನ್ನತ ಭಾರತ ಅಭಿಯಾನದಲ್ಲಿ ಉನ್ನತ ವಿದ್ಯಾಸಂಸ್ಥೆಗಳು ಗ್ರಾಮಗಳನ್ನು ದತ್ತು ತೆಗೆದುಕೊಳ್ಳುವ ಏರ್ಪಾಡಿದೆ. ನಮ್ಮ ರಾಜ್ಯದಲ್ಲಿ ಶಾಸಕರು ಸರ್ಕಾರಿ ಶಾಲೆಗಳನ್ನು ದತ್ತು ಪಡೆಯುವುದೂ ಉಂಟು. ಧರ್ಮಶಾಸ್ತ್ರದ ದತ್ತಕಪ್ರಕರಣವನ್ನು ಓದಿದವರಿಗೆ ಈ ಶಬ್ದದ ಭಾರವು ತಿಳಿದಿದೆ. ದತ್ತಪುತ್ರನು ಹುಟ್ಟಿದ ಮನೆಯ ಗೋತ್ರವನ್ನೂ ರಿಕ್ಥವನ್ನೂ ಬಿಟ್ಟು ಪಡೆದವನ ಗೋತ್ರವನ್ನು ಹೊಂದುತ್ತಾನೆ. ತಂದೆತಾಯಿಗಳಿಲ್ಲದೆ ಸರ್ಕಾರಿ ಶಾಲೆಯು ಅನಾಥವಾಗಿದೆಯೇ? ಊರಿನ ತೆರಿಗೆಯಿಂದಲೂ ಊರಿನ ಮಕ್ಕಳಿಂದಲೂ ನಡೆಯುವ ಶಾಲೆಯ ಗೋತ್ರವು ಊರೇ ಆಗಿದೆ. ಅದನ್ನು ಬಿಡಿಸುವ ಶಬ್ದವು ಸೌಹಾರ್ದಕ್ಕೆ ತಕ್ಕುದಲ್ಲ.

ಸಂಸ್ಕೃತದಲ್ಲಿ ಇದಕ್ಕೆ ಒಪ್ಪುವ ಶಬ್ದವು ಬೇರೆ ಇದೆ. ಒಂದೇ ಗುರುವಿನಲ್ಲಿ ಓದಿದವರು ಸತೀರ್ಥ್ಯರು. ಮಗುವೇ ತೀರ್ಥವೆಂದಿಟ್ಟುಕೊಂಡರೆ ಪ್ರಾಧ್ಯಾಪಕನೂ ಗ್ರಾಮದ ಉಪಾಧ್ಯಾಯನೂ ಸತೀರ್ಥ್ಯರಾಗುತ್ತಾರೆ. ಒಬ್ಬನು ಕೊಡುವವನು, ಇನ್ನೊಬ್ಬನು ಕೈಚಾಚುವವನು ಎಂಬ ಭಾವವು ಅಲ್ಲಿಲ್ಲ.

ಉನ್ನತವಿದ್ಯೆಯೂ ಅಕ್ಷರವಿದ್ಯೆಯೂ ಒಂದೇ ಸೂರಿನಡಿಯಲ್ಲಿದ್ದುದಕ್ಕೆ ಈ ಸೀಮೆಯಲ್ಲಿಯೇ ಹಳೆಯ ಪ್ರಮಾಣವುಂಟು. ತಿರುಮಕೂಡಲು ನರಸೀಪುರದ ಸೀಮೆಯ ಮೈಲಂಗೆ, ಎಂದರೆ ಅಲಮೇಲಮ್ಮನ ಶಾಪದ ಕಥೆಯಿಂದ ಎಲ್ಲರೂ ಬಲ್ಲ ಮಾಲಂಗಿಯಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ಮಂತ್ರಿಯಾಗಿದ್ದ ಪೆರುಮಾಳೆ ದಂಡನಾಯಕನು ಕ್ರಿ.ಶ. ೧೨೯೦ರ ಸುಮಾರಿನಲ್ಲಿ ವಿದ್ಯಾದಾನದ ಏರ್ಪಾಡನ್ನು ಮಾಡಿದನು. ಅದರಲ್ಲಿ ವೇದಾಧ್ಯಯನಕ್ಕೂ ದತ್ತಿ ಇದ್ದಿತು. ಬಾಲಕರಿಗೆ ನಾಗರ, ಕನ್ನಡ, ತಿಗುಳ, ಆರ್ಯ ಎಂಬ ಬರಹಗಳನ್ನು ಕಲಿಸುವುದಕ್ಕೂ ದತ್ತಿ ಇದ್ದಿತು. ವೇದವನ್ನು ಹೇಳುವವನಿಗೂ ಅಕ್ಷರವನ್ನು ತಿದ್ದಿಸುವವನಿಗೂ ಒಂದೇ ಶಾಸನದಿಂದ ಜೀವಿತವು ಸಂದುದು ಸ್ಮರಣೀಯವಾದ ಅಂಶ. ಆದರೆ ಹಿಂದಿನದನ್ನೆಲ್ಲ ಹೊಗಳುವುದು ವಿಮರ್ಶೆಯಲ್ಲ. ಅಗ್ರಹಾರದ ಬಾಗಿಲು ಊರಿನ ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲ. ಹೊಲದಲ್ಲಿ ದುಡಿಯುವವನ ಮಗುವಿಗೆ ಆ ದತ್ತಿಯಿಂದ ಅಕ್ಷರವು ದೊರೆಯಲಿಲ್ಲ. ಎಲ್ಲ ಮಕ್ಕಳನ್ನೂ ಒಳಗೆ ಕರೆಯುವ ಶಾಲೆಯು ಆಧುನಿಕ ಕಾಲದ್ದು. ೧೯೧೩ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ ಬಂದುದು ಆ ದಾರಿಯ ಒಂದು ಮುಖ್ಯ ಘಟ್ಟ. ಆದುದರಿಂದ ಮೈಲಂಗೆಯಿಂದ ನಾವು ತೆಗೆದುಕೊಳ್ಳಬೇಕಾದುದು ಎರಡು ವಿದ್ಯೆಗಳ ಸಾಮೀಪ್ಯವನ್ನು ಮಾತ್ರ. ಬಿಡಬೇಕಾದುದು ಅದರ ಗೋಡೆಯನ್ನು.

೫

ಈಚಿನ ಕಾಲದ ಪ್ರಯತ್ನಗಳನ್ನು ಇದೇ ಒರೆಗಲ್ಲಿನಿಂದ ನೋಡೋಣ. ಮೈಸೂರಿನಲ್ಲಿ ೧೯೬೩ರಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವು, ಎಂದರೆ ಈಗಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು, ಸ್ಥಾಪಿತವಾಯಿತು. ಅದರ ಆವರಣದಲ್ಲಿಯೇ ಪ್ರಾತ್ಯಕ್ಷಿಕೆಯ ಶಾಲೆಯೊಂದುಂಟು. ಡ್ಯೂಯಿಯವರ ವಿಚಾರಕ್ಕೆ ಇದು ಹತ್ತಿರವಾದುದು. ಆದರೆ ಪ್ರಾತ್ಯಕ್ಷಿಕೆಯ ಶಾಲೆಯು ಆವರಣದೊಳಗಿನ ಶಾಲೆ. ಕಳಲೆಯಂತಹ ಊರಿನ ಶಾಲೆಗೆ ಇರುವ ಗಾಳಿಮಳೆ, ಸುಗ್ಗಿಯ ಗೈರುಹಾಜರಿ, ಒಬ್ಬ ಉಪಾಧ್ಯಾಯನಿಗೆ ಎರಡು ಮೂರು ತರಗತಿಗಳ ಹೊರೆ ಇವು ಅಲ್ಲಿ ಕಾಣಬರುವುದಿಲ್ಲ.

ಹೊರದೇಶದ ಒಂದು ದೃಷ್ಟಾಂತವನ್ನೂ ಹೇಳಬಹುದು. ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯವು ನಗರದ ಶಾಲಾಮಂಡಲಿಯೊಡನೆ ಕೂಡಿ ೨೦೦೧ರಲ್ಲಿ ತನ್ನ ನೆರೆಯಲ್ಲಿಯೇ ಸಾರ್ವಜನಿಕ ಶಾಲೆಯೊಂದನ್ನು ತೆರೆಯಿಸಿತು. ವಿದ್ಯಾರ್ಥಿಗೆ ಇಷ್ಟೆಂದು ಹಣವನ್ನೂ ಕೊಡುತ್ತ ಬಂದಿತು. ಶಾಲೆಯು ಒಳ್ಳೆಯ ಹೆಸರನ್ನು ಪಡೆಯಿತು. ಆದರೆ ಆ ಶಾಲೆಯ ಎಲ್ಲೆಯೊಳಗಿನ ಮನೆಗಳ ಬೆಲೆಯು ಏರಿ, ಬಡವರಿಗೆ ಅಲ್ಲಿ ನೆಲಸುವುದು ಕಷ್ಟವಾಯಿತು. ಶಾಲೆಯನ್ನು ಉತ್ತಮಗೊಳಿಸುವ ಕಾರ್ಯವು ಯಾವ ಮಕ್ಕಳಿಗಾಗಿ ಆರಂಭವಾಯಿತೋ ಆ ಮಕ್ಕಳನ್ನೇ ಹೊರಕ್ಕೆ ತಳ್ಳುವಂತಾಗಬಾರದೆಂ‌ಬ ಎಚ್ಚರಿಕೆಯು ಇದರಿಂದ ದೊರೆಯುತ್ತದೆ.

ನಮ್ಮ ಸೀಮೆಯಲ್ಲಿ ನಡೆದ ಪ್ರಯತ್ನಗಳಲ್ಲಿ ಅತ್ಯಂತ ಗಮನಾರ್ಹವಾದುದು ನಲಿ-ಕಲಿ. ನಂಜನಗೂಡಿಗೆ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ೧೯೯೫ರಲ್ಲಿ ಇದು ಆರಂಭವಾಯಿತು. ಆ ತಾಲ್ಲೂಕಿನ ಪ್ರಾಥಮಿಕಶಾಲೆಯ ಉಪಾಧ್ಯಾಯರು ಆಂಧ್ರಪ್ರದೇಶದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಗ್ರಾಮಶಾಲೆಗಳಲ್ಲಿ ಮಕ್ಕಳು ಕಾರ್ಡುಗಳ ಸಹಾಯದಿಂದ ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಕಲಿಯುವ ಕ್ರಮವನ್ನು ಕಂಡುಬಂದರು. ಯೂನಿಸೆಫ್ ಸಂಸ್ಥೆಯೂ ಶಿಕ್ಷಣ ಇಲಾಖೆಯೂ ನೆರವಾದುವು. ಉಪಾಧ್ಯಾಯರು ಆ ಕಾರ್ಡುಗಳನ್ನು ತರ್ಜುಮೆಮಾಡಿಕೊಳ್ಳಲಿಲ್ಲ. ತಮ್ಮ ಸೀಮೆಯ ಹಾಡು, ಕಥೆ, ಆಟಗಳಿಂದ ಹೊಸದಾಗಿ ರಚಿಸಿದರು. ಕಲಿಕೆಯ ಏಣಿಯ ಮೆಟ್ಟಿಲುಗಳನ್ನು ಮಕ್ಕಳು ಎಡವಿದೆಡೆಯನ್ನು ನೋಡಿ ತಿದ್ದಿದರು. ವಿಮರ್ಶಕನ ದೃಷ್ಟಿಯಿಂದ ಇದು ಮಹತ್ತ್ವದ ಘಟನೆ: ಕನ್ನಡದಲ್ಲಿ ಗ್ರಾಮಶಾಲೆಯ ಉಪಾಧ್ಯಾಯನು ಗ್ರಂಥವನ್ನು ಓದಿಸುವವನ ಸ್ಥಾನದಿಂದ ಗ್ರಂಥಕರ್ತೃವಿನ ಸ್ಥಾನಕ್ಕೆ ಬಂದನು.

ಆದರೆ ಇದರ ಉತ್ತರಚರಿತ್ರೆಯನ್ನೂ ನೋಡಬೇಕು. ೨೦೦೯-೧೦ರಲ್ಲಿ ಈ ಕ್ರಮವು ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕಶಾಲೆಗಳ ಮೊದಲ ತರಗತಿಗಳಿಗೆಲ್ಲ ವಿಸ್ತೃತವಾಯಿತು. ವಿಸ್ತಾರವಾದೊಡನೆ ಕಾರ್ಡುಗಳು ಏಕರೂಪವಾದುವು. ಬೀದರಿನ ಮಗುವಿಗೂ ಕೋಟೆಯ ಮಗುವಿಗೂ ಒಂದೇ ಕಾರ್ಡು. ಒಂದು ತಾಲ್ಲೂಕಿನ ಉಪಾಧ್ಯಾಯರು ಗ್ರಂಥಕರ್ತೃಗಳಾದುದು ಇತರ ತಾಲ್ಲೂಕುಗಳ ಉಪಾಧ್ಯಾಯರು ಮತ್ತೆ ವಾಚಕರಾಗುವುದಕ್ಕೆ ಕಾರಣವಾಯಿತು. ಪದ್ಧತಿಯು ಹರಡಿತು, ಪದ್ಧತಿಯನ್ನು ಹುಟ್ಟಿಸಿದ ಸ್ವಾತಂತ್ರ್ಯವು ಅದರೊಡನೆ ಹರಡಲಿಲ್ಲ.

ಇಲ್ಲಿ ವಿಶ್ವವಿದ್ಯಾನಿಲಯಕ್ಕೆ ಯಾವ ಸ್ಥಾನವಿತ್ತು? ನಲಿ-ಕಲಿಯ ಮೂಲಪ್ರೇರಣೆಯು ವಿಶ್ವವಿದ್ಯಾನಿಲಯದಿಂದ ಬಂದುದಲ್ಲ. ಇದು ನಿಂದೆಯ ಮಾತಲ್ಲ. ಸರ್ಕಾರದ ಇಲಾಖೆಗೆ ಏಕರೂಪತೆಯು ಅನಿವಾರ್ಯ. ಲಕ್ಷಾಂತರ ಮಕ್ಕಳಿಗೆ ಕಾರ್ಡನ್ನು ಅಚ್ಚುಹಾಕಿಸುವವರು ಪ್ರತಿಯೊಂದು ಸೀಮೆಯ ಶಬ್ದಕ್ಕೂ ಕಾಯಲಾರರು. ಆದರೆ ವಿದ್ಯಾಪೀಠಕ್ಕೆ ಆ ಬಂಧನವಿಲ್ಲ. ಒಂದು ಶಾಲೆಯಲ್ಲಿ ಒಂದು ವರ್ಷ ಕುಳಿತು ಒಂದು ಗ್ರಂಥವನ್ನು ಸಿದ್ಧಪಡಿಸುವ ವಿರಾಮವು ಅದಕ್ಕೇ ಇರತಕ್ಕದ್ದು. ಇಲಾಖೆಯು ಮಾಡಲಾರದುದನ್ನು ಮಾಡುವುದೇ ವಿಶ್ವವಿದ್ಯಾನಿಲಯದ ಭಾಗ. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಉಪಾಧ್ಯಾಯರನ್ನು ತರಬೇತುಗೊಳಿಸುವ ಉನ್ನತ ವಿದ್ಯಾಸಂಸ್ಥೆಗಳು ಸುತ್ತಲಿನ ಶಾಲೆಗಳೊಡನೆ ನಿಕಟ ಸಂಬಂಧವನ್ನಿಟ್ಟುಕೊಳ್ಳಬೇಕೆಂದು ಹೇಳಿತು. ನೀತಿಗಳು ಬರುತ್ತವೆ, ಹೋಗುತ್ತವೆ. ಸಂಬಂಧದ ತಿರುಳು ಏನೆಂಬುದನ್ನು ವಿದ್ವಾಂಸರೇ ನಿಶ್ಚಯಿಸಬೇಕು.

೬

ಈಗ ಕಳಲೆಗೆ ಹಿಂದಿರುಗಿ, ಆಗಬಹುದಾದ ಒಂದು ಕಾರ್ಯವನ್ನು ಸೂಚಿಸುತ್ತೇವೆ. ವೀರರಾಜನ ವೈದ್ಯಗ್ರಂಥದಂತಹ ಕೃತಿಗಳನ್ನು ಸಂಪಾದಿಸುವವರಿಗೆ ಎದುರಾಗುವ ದೊಡ್ಡ ತೊಡಕು ಮೂಲಿಕೆಗಳ ಹೆಸರು. ಸಂಸ್ಕೃತನಾಮಕ್ಕೂ ದೇಶ್ಯನಾಮಕ್ಕೂ ಇರುವ ಸಂಬಂಧವು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ. ಬ್ರಾಹ್ಮೀ ಎಂಬ ಶಬ್ದವೊಂದನ್ನೇ ನೋಡಬಹುದು: ಕೆಲವರು ಅದನ್ನು ಒಂದೆಲಗವೆನ್ನುತ್ತಾರೆ, ಕೆಲವರು ನೀರುಬ್ರಾಹ್ಮಿಯೆನ್ನುತ್ತಾರೆ, ಎರಡೂ ಬೇರೆ ಬೇರೆ ಗಿಡಗಳು. ನಿಘಂಟನ್ನು ಎಷ್ಟು ತಿರುವಿದರೂ ಕಳಲೆಯ ಸೀಮೆಯಲ್ಲಿ ಯಾವ ಹೆಸರು ಯಾವ ಗಿಡಕ್ಕೆ ಸಲ್ಲುತ್ತಿತ್ತೆಂಬುದು ತಿಳಿಯುವುದಿಲ್ಲ. ಅದು ತಿಳಿದಿರುವುದು ಅಲ್ಲಿಯ ಅಜ್ಜಿಯರಿಗೆ. ಅಜ್ಜಿಯರಿಂದ ಅದನ್ನು ಕೇಳಿ ತರಬಲ್ಲವರು ಅಲ್ಲಿಯ ಮಕ್ಕಳು. ತುಂಬೆ, ಉತ್ತರಾಣಿ, ಆಡುಸೋಗೆ, ಲಕ್ಕಿ, ನೆಲನೆಲ್ಲಿ ಇವನ್ನು ಬದುವಿನ ಮೇಲೆ ಗುರುತಿಸಬಲ್ಲ ಕಣ್ಣುಗಳು ದಿನೇ ದಿನೇ ಕಡಮೆಯಾಗುತ್ತಿವೆ. ಆ ತಿಳಿವಳಿಕೆಯು ಹೋದರೆ ವೀರರಾಜನ ಗ್ರಂಥವು ಅಚ್ಚಿನಲ್ಲಿದ್ದರೂ ಅರ್ಥವಿಲ್ಲದ ಹೆಸರುಗಳ ಪಟ್ಟಿಯಾಗುತ್ತದೆ.

ಇಲ್ಲಿ ವಿದ್ಯಾಪೀಠಕ್ಕೆ ಶಾಲೆಯಿಂದ ಬೇಕಾದುದು ನಿಜವಾಗಿಯೂ ಉಂಟು. ಶಾಲೆಗೆ ವಿದ್ಯಾಪೀಠದಿಂದ ಬೇಕಾದುದೂ ಉಂಟು. ೨೦೦೫ರಿಂದ ಹೊರಬರುತ್ತಿರುವ ಅಸರ್ ವರದಿಗಳು ಐದನೆಯ ತರಗತಿಗೆ ಬಂದರೂ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲಾರದ ಗ್ರಾಮಾಂತರದ ಮಕ್ಕಳು ಬಹುಸಂಖ್ಯೆಯಲ್ಲಿರುವರೆಂದು ಮತ್ತೆ ಮತ್ತೆ ಹೇಳಿವೆ. ಅಂತಹ ಮಗುವು ತರಗತಿಯಲ್ಲಿ ಹಿಂದಿರುವುದೆಂದು ನಾವು ಎಣಿಸುತ್ತೇವೆ. ಆದರೆ ಅದೇ ಮಗುವು ಗಿಡಗಳ ಹೆಸರಿನಲ್ಲಿ ಪ್ರಾಧ್ಯಾಪಕನಿಗಿಂತ ಮುಂದಿರಬಹುದು. ತಾನು ಬಲ್ಲ ಹೆಸರನ್ನು ತಾನೇ ಬರೆಯುವುದು, ಎಲೆಯನ್ನು ಚಿತ್ರಿಸಿ ಅಳೆಯುವುದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಅಜ್ಜಿಯ ಮಾತನ್ನು ವಾಕ್ಯವಾಗಿ ಬರೆದು ಓದುವುದು, ಇವೆಲ್ಲವೂ ಓದುಬರಹಗಳ ಅಭ್ಯಾಸವೇ. ಬಲ್ಲುದರಿಂದ ಬಾರದುದಕ್ಕೆ ಹೋಗುವ ದಾರಿಯು ಮಗುವಿಗೆ ಹತ್ತಿರವಾದ ದಾರಿ.

ಪ್ರಾಧ್ಯಾಪಕನ ಜ್ಞಾನವೂ ವಿದ್ಯಾರ್ಥಿಗಳ ತುಂಟತನವೂ ಒಂದೇ ಬರಹದಲ್ಲಿ ಕೂಡಿರಬಲ್ಲುವೆಂಬುದಕ್ಕೆ ಕನ್ನಡದಲ್ಲಿ ಶ್ರೇಷ್ಠ ನಿದರ್ಶನವು ಆಗಲೇ ಇದೆ. ಬಿ. ಜಿ. ಎಲ್. ಸ್ವಾಮಿಯವರ ಹಸುರು ಹೊನ್ನು ೧೯೭೬ರಲ್ಲಿ ಪ್ರಕಟವಾಗಿ, ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಸಸ್ಯಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳೊಡನೆ ಕಾಡುಮೇಡುಗಳನ್ನು ಸುತ್ತಿದ ಕಥನವದು. ವಿದ್ಯಾರ್ಥಿಗಳ ಪ್ರಶ್ನೆ, ತಪ್ಪು, ಹಾಸ್ಯ ಇವುಗಳಿಂದಲೇ ಶಾಸ್ತ್ರವು ಮುಂದುವರಿಯುತ್ತದೆ. ಪ್ರಚಾರೋಪನ್ಯಾಸದ ಹೊತ್ತಗೆಗಳಲ್ಲಿ ಇಲ್ಲದ ಶ್ರೋತೃವು ಇಲ್ಲಿ ಮರಳಿ ಬಂದಿದ್ದಾನೆ. ಆದುದರಿಂದಲೇ ಸಸ್ಯಶಾಸ್ತ್ರವನ್ನು ಓದದವರೂ ಆ ಗ್ರಂಥವನ್ನು ಬಿಡದೆ ಓದಿದರು. ಅಲ್ಲಿದ್ದವರು ಕಾಲೇಜಿನ ವಿದ್ಯಾರ್ಥಿಗಳು. ಗ್ರಾಮಶಾಲೆಯ ಮಕ್ಕಳೊಡನೆ ಅಂತಹ ಬರಹವು ಇನ್ನೂ ಹುಟ್ಟಬೇಕಾಗಿದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನೋಡಬೇಕು. ಕಳಲೆಯ ಗ್ರಂಥಗಳಲ್ಲಿ ಹೆಚ್ಚಿನವು ಶೈವಪುರಾಣಗಳಾದುದರಿಂದ ಸರ್ಕಾರಿ ಶಾಲೆಯಲ್ಲಿ ಅವುಗಳಿಗೆ ಸ್ಥಳವಿಲ್ಲವೆಂಬುದು ಮೊದಲನೆಯದು. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧೆಯು ಕೂಡದೆಂದು ಸಂವಿಧಾನದ ೨೮ನೆಯ ಅನುಚ್ಛೇದವು ವಿಧಿಸಿದೆ, ಅದು ಯುಕ್ತವಾದುದೇ. ಆ ಕಾರಣದಿಂದಲೇ ವೈದ್ಯಗ್ರಂಥವನ್ನು ಮೊದಲು ಸೂಚಿಸಿದೆ. ಮದ್ದಿನ ಗಿಡಕ್ಕೆ ಮತವಿಲ್ಲ. ಆದರೆ ಮಕ್ಕಳ ಕೈಗೆ ಹೆಸರುಗಳನ್ನು ಕೊಡಬೇಕೇ ಹೊರತು ಚಿಕಿತ್ಸೆಯನ್ನಲ್ಲವೆಂಬ ವಿವೇಕವಿರಬೇಕು. ಉಪಾಧ್ಯಾಯರಿಗೆ ಈಗಾಗಲೇ ಬಿಸಿಯೂಟದ ಲೆಕ್ಕ, ಚುನಾವಣೆ, ಗಣತಿಗಳ ಹೊರೆ ಇದೆಯೆಂಬುದು ಎರಡನೆಯ ಆಕ್ಷೇಪ. ಇದು ಬಲವಾದುದು. ಹೊಸ ಕಾರ್ಯವು ಹೊರೆಯ ಮೇಲೆ ಹೊರೆಯಾಗದೆ ಇರಬೇಕಾದರೆ ವಿದ್ಯಾಪೀಠದವರು ಶಾಲೆಗೆ ಬಂದು ಪಾಠದ ಭಾರವನ್ನೂ ಸ್ವಲ್ಪ ಹೊರಬೇಕು. ಗ್ರಂಥದ ಮುಖಪುಟದಲ್ಲಿ ಉಪಾಧ್ಯಾಯನ ಹೆಸರು ಸಂಪಾದಕನ ಹೆಸರಿನ ಪಕ್ಕದಲ್ಲಿ ಬರಬೇಕು. ಒಂದು ಶಾಲೆಗೆ ಇಷ್ಟು ಶ್ರಮವೇ ಎಂಬುದು ಮೂರನೆಯದು. ಒಂದು ಓಲೆಯ ಪ್ರತಿಯನ್ನು ಓದಿ ಶುದ್ಧಪಾಠವನ್ನು ನಿರ್ಣಯಿಸಲು ನಾವು ವರ್ಷಗಟ್ಟಲೆ ಕುಳಿತುಕೊಳ್ಳುತ್ತೇವೆ. ಅದನ್ನು ಯಾರೂ ವ್ಯರ್ಥವೆನ್ನುವುದಿಲ್ಲ. ಒಂದು ಶಾಲೆಯೂ ಹಾಗೆ ಶ್ರದ್ಧೆಯಿಂದ ಓದತಕ್ಕ ಮೂಲಪ್ರತಿಯೇ ಆಗಿದೆ.

ಮಧುರೆಯ ಶಿವಲೀಲೆಗಳ ಪರಂಪರೆಯಲ್ಲಿ ಒಂದು ಕಥೆಯುಂಟು. ಸಂಘದ ಪಂಡಿತರಲ್ಲಿ ಯಾರ ಕೃತಿಯು ಮೇಲೆಂಬ ವಿವಾದವು ಹುಟ್ಟಿತು. ತೀರ್ಪನ್ನು ಕೊಡಲು ಇನ್ನೊಬ್ಬ ಪಂಡಿತನು ದೊರೆಯಲಿಲ್ಲ. ರುದ್ರಶರ್ಮನೆಂಬ ಮೂಕ ಬಾಲಕನನ್ನು ಪೀಠದ ಮೇಲೆ ಕುಳ್ಳಿರಿಸಿದರು. ಒಬ್ಬೊಬ್ಬರು ತಮ್ಮ ತಮ್ಮ ಕೃತಿಯನ್ನು ಓದಿದರು. ಯಾವುದನ್ನು ಕೇಳಿ ಆ ಬಾಲಕನ ಮೈಯಲ್ಲಿ ಪುಲಕವು ಎದ್ದಿತೋ ಅದೇ ಮೇಲಾದುದೆಂದು ಪಂಡಿತರು ಒಪ್ಪಿದರು. ಆ ಪಂಡಿತರ ವಿನಯವನ್ನು ನಾವು ಕಥೆಯಲ್ಲಿ ಮೆಚ್ಚುತ್ತೇವೆ. ಕಾರ್ಯದಲ್ಲಿ ಇನ್ನೂ ಅನುಸರಿಸಿಲ್ಲ. ವಿಶ್ವವಿದ್ಯಾನಿಲಯವು ಶಾಲೆಗಾಗಿ ಸಿದ್ಧಪಡಿಸುವ ಪ್ರತಿಯೊಂದು ಗ್ರಂಥವನ್ನೂ, ಅಚ್ಚಿಗೆ ಹೋಗುವ ಮುಂಚೆ, ಕಳಲೆಯಂತಹ ಊರಿನ ಶಾಲೆಯ ಮಕ್ಕಳ ಮುಂದೆ ಓದತಕ್ಕದ್ದು. ಅವರು ಕೇಳಿದ ಪ್ರಶ್ನೆಗಳನ್ನು ಅದೇ ಗ್ರಂಥದಲ್ಲಿ ಅಚ್ಚುಹಾಕಿಸತಕ್ಕದ್ದು. ಉತ್ತರವು ತಿಳಿಯದೆಡೆಯಲ್ಲಿ ತಿಳಿಯದೆಂದು ಬರೆಯತಕ್ಕದ್ದು. ಇಷ್ಟನ್ನು ಮಾಡಿದ ಒಂದು ಹೊತ್ತಗೆಯು ಹೊರಬಂದರೂ ೧೯೩೩ರಲ್ಲಿ ಆರಂಭವಾದ ಕಾರ್ಯವು ಅರ್ಧದಿಂದ ಪೂರ್ಣದ ಕಡೆಗೆ ನಡೆದಂತಾಗುವುದೆಂದು ವಿದ್ವಾಂಸರ ಪರಾಮರ್ಶೆಗಾಗಿ ನಿವೇದಿಸುತ್ತೇವೆ.